ಚಮಚ ಬಿಡಿಸಿದ್ದು

ಗಿಳಿಮರಿ ಕೊಕ್ಕು ತೆರೆಯಿತು. ಚಮಚ ಬಾಯಿಗೆ ತಾಗಿದ್ದೇ ತಡ, ತಲೆಯನ್ನು ಜೋರಾಗಿ ಕೊಡವಿತು. ಗಂಜಿ ಜುಮಾದಿಯ ಕನ್ನಡಕಕ್ಕೆ, ಅಂಗಿಗೆ, ಹೊಲಿಯಲೆಂದು ಪಕ್ಕದಲ್ಲಿಟ್ಟಿದ್ದ ಬೈಕ್ ಸೀಟಿಗೆ ಸಿಡಿಯಿತು.

"ನಿನ್ನ ಕೊಕ್ಕು ಸೇದಿಹೋಗ" ಎಂದು ಬೈದು ಕನ್ನಡಕ ಒರೆಸಿಕೊಂಡ.

ಮೊನ್ನೆಯವರೆಗೆ ಇದೇ ಮರಿ ಚಮಚ ಕಂಡರೆ ರೆಕ್ಕೆ ಬಡಿದು, ತಲೆಯಾಡಿಸಿ, ಕಿರುಚಿ ಬೀದಿಯನ್ನೇ ಎಬ್ಬಿಸುತ್ತಿತ್ತು. ಗಂಜಿ ಇಳಿದ ಹಾಗೆಲ್ಲ ಕುತ್ತಿಗೆಯ ಕೆಳಗಿನ ಚೀಲ ಉಬ್ಬುತ್ತಿತ್ತು. ಈಗ ಆ ಚೀಲ ಜೋತುಬಿದ್ದಿತ್ತು. ಹಳದಿ ಪುಕ್ಕದೊಳಗೆ ಬೆರಳಿಟ್ಟರೆ ಎದೆಮೂಳೆ ಚೂಪಾಗಿ ತಾಗುತ್ತಿತ್ತು.

ಇದಕ್ಕೂ ಮೊದಲು ತಂದಿದ್ದ ಮರಿ ಸತ್ತಾಗ ಗಂಡನನ್ನು ಜಾವಾದ ರೂಢಿಯಂತೆ ಮಾಸ್, ಅಂದರೆ ಅಣ್ಣ, ಎಂದು ಕರೆಯುವ ಹೆಂಡತಿ ಎರ್ನಾ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಇನ್ನೊಂದು ಸತ್ರೆ ಈ ಮನೇಲಿ ಪಂಜರ ಇರಲ್ಲ, ಮಾಸ್. ಇದೇ ಕೊನೆ." ಹಾಗಾಗಿ ಇದು ಸಾಯುವಂತಿರಲಿಲ್ಲ. ಜೊತೆಗೆ ಇನ್ನೊಂದು ಆಸೆಯೂ ಇತ್ತು. ತಮ್ಮೂರು ಕ್ಲಾತೆನ್‌ನ ಹಳೆಯ ಸಕ್ಕರೆ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಗಿಳಿ ಹಾರಿಸುವವರು ಸೇರುತ್ತಾರೆ. ಶಿಳ್ಳೆ ಹಾಕಿದರೆ ಗಿಳಿ ಆಕಾಶದಿಂದ ನೇರ ಕೈಗಿಳಿಯುತ್ತದೆ. ಬೇರೆ ಕೈಗಲ್ಲ, ಗಂಜಿ ತಿನ್ನಿಸಿದ ಕೈಗೆ ಮಾತ್ರ ಎಂಬುದು ಅಲ್ಲಿನವರ ನಂಬಿಕೆ. ಆದ್ದರಿಂದ ಜುಮಾದಿ ಒಂದು ಚಮಚವನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈಚೆಗೆ ಊಟದ ಹೊತ್ತಿನಲ್ಲಿ ಅತ್ತೆಯೂ ಸೇರಿ ಮನೆಯವರೆಲ್ಲರಿಗೂ ಕೇಳುವಂತೆ ಸಾರಿಯೂ ಇದ್ದ: "ಮರಿಗೆ ರೆಕ್ಕೆ ಬಲಿತಿದೆ. ಇನ್ಮೇಲೆ ಸಪೀಹ್ ಮಾಡ್ಬೇಕು." ಸಪೀಹ್ ಎಂದರೆ ಗಂಜಿ ಕಡಿಮೆ ಮಾಡುತ್ತ ಬರುವುದು, ಬೇಯಿಸಿದ ಮುಸುಕಿನ ಜೋಳ ಇಡುವುದು, ಆಮೇಲೆ ಕಾಳು. ಅವನ ಲೆಕ್ಕಾಚಾರ ಅಷ್ಟೇ. ಕಡಿಮೆ ಮಾಡುವ ಮೊದಲೇ ಮರಿ ಮುಷ್ಕರ ಹೂಡಿತು.

ಮೊದಲ ಸಂಶಯ ಅಂಗಡಿಯ ಹಿಟ್ಟಿನ ಮೇಲೆ. ಪೊಟ್ಟಣ ಹಿಡಿದು ಹೋಗಿ ಅಂಗಡಿಯವನ ಮುಂದೆ ಕುಕ್ಕಿದ. ಅವನು ಒಂದು ಚಿಟಿಕೆ ತನ್ನ ಬಾಯಿಗೇ ಹಾಕಿಕೊಂಡು ಚಪ್ಪರಿಸಿದ. "ನನ್ ಹೆಂಡ್ತಿ ಮಾಡೋ ಗಂಜಿಗಿಂತ ಚೆನ್ನಾಗಿದೆ. ಬೇಕಿದ್ರೆ ಹೊಸ ಪೊಟ್ಟಣ ತಗೊಂಡ್ಹೋಗಪ್ಪ." ಹೊಸ ಪೊಟ್ಟಣದ ಗಂಜಿಯೂ ಗೋಡೆಗೆ ಸಿಡಿಯಿತು.

ಎರಡನೆಯ ಸಂಶಯಕ್ಕೆ ದೂರ ಹೋಗಬೇಕಾಗಿರಲಿಲ್ಲ. ಎರ್ನಾಳ ತಮ್ಮ ಬಗ್ಯೊ ಅದೇ ಮನೆಯಲ್ಲಿದ್ದ. ಅಕ್ಕಿ ಗಿರಣಿಯಲ್ಲಿ ಕೆಲಸ. ಮರಿ ಮನೆಗೆ ಬಂದ ದಿನವೇ ಅವನು, "ಇದನ್ನ ನಂಗೆ ಕೊಡಿ ಮಾಸ್. ನಿಮ್ ಕೈಗೆ ರೆಕ್ಸಿನ್ ಗೊತ್ತೇ ಹೊರತು ರೆಕ್ಕೆ ಗೊತ್ತಿಲ್ಲ" ಎಂದು ನಕ್ಕಿದ್ದ. ಆ ನಗು ಜುಮಾದಿಗೆ ಮರೆತಿರಲಿಲ್ಲ.

ಆ ಮಧ್ಯಾಹ್ನ ನೂಲು ತರಲು ಹೋದವನು ಅರ್ಧ ದಾರಿಯಿಂದ ಹಿಂತಿರುಗಿದ. ಬೈಕನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ ನಡೆದು ಬಂದ. ಹಿತ್ತಿಲ ಜಗಲಿಯ ಮೇಲೆ ಬಗ್ಯೊ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಸೂಜಿ ಕಳಚಿದ ಸಿರಿಂಜು. ಮರಿ ಅದರ ತುದಿ ಕಚ್ಚಿಕೊಂಡು, ತಲೆಯಾಡಿಸುತ್ತ ಗಟಗಟ ನುಂಗುತ್ತಿತ್ತು. ಚೀಲ ತುಂಬಿ ಮಿರಿಮಿರಿ ಮಿಂಚುತ್ತಿತ್ತು.

"ಓಹೋ! ನನ್ ಕೈಲಾದ್ರೆ ಉಗುಳುತ್ತೆ, ನಿನ್ ಕೈಲಾದ್ರೆ ನುಂಗುತ್ತೆ! ನನ್ ಗಂಜಿಗೆ ಏನ್ ಬೆರೆಸ್ದೆ, ಹೇಳು."

ಬಗ್ಯೊ ಬೆಚ್ಚಿಬಿದ್ದ. "ಬೆರೆಸೋದಾ? ಹಸ್ಕೊಂಡು ಕಿರುಚ್ತಿತ್ತು, ಕೊಟ್ಟೆ. ಸಾಯ್ಲಿ ಅಂತ ನೋಡ್ತಾ ಕೂರ್ಲಾ?"

"ನಾನಿಲ್ಲದಾಗ ಕದ್ದು ಕೊಟ್ಟಿದ್ದು ಯಾಕೆ?"

"ನೀವಿದ್ದಾಗ ಮುಟ್ಟೋಕೆ ಬಿಡ್ತೀರಾ?"

"ನನ್ ಚಮಚಕ್ಕೆ ಅಸಹ್ಯ ಮಾಡ್ಸಿ ಮರೀನ ನಿನ್ ಕಡೆ ಎಳ್ಕೋತಿದ್ದೀಯ. ಕಳ್ಳ!"

ಎರ್ನಾ ಒಳಗಿಂದ ಓಡಿಬಂದಳು. "ಒಂದು ಗಿಳಿಗೋಸ್ಕರ ನನ್ ತಮ್ಮನ್ನ ಕಳ್ಳ ಅಂತೀರಾ ಮಾಸ್?"

ಬಗ್ಯೊ ಸಿರಿಂಜು ಜೇಬಿಗಿಳಿಸಿ, ಎರಡು ಅಂಗಿ ಚೀಲಕ್ಕೆ ತುರುಕಿ ಗಿರಣಿಗೆ ಹೋದ. ಅಲ್ಲಿ ಕೆಲಸದವರಿಗೆ ಮಲಗಲು ಕೋಣೆಯಿತ್ತು. ಎರ್ನಾ ಗಂಡನಿಗೆ ಅನ್ನ ಬಡಿಸಿದಳು, ಮುಖ ತೋರಿಸಲಿಲ್ಲ. ಜುಮಾದಿ ಮಾತ್ರ ನೆಮ್ಮದಿಯಿಂದ ಉಂಡ. ಕಳ್ಳ ಸಿಕ್ಕಿದ್ದ, ಹೋಗಿಯೂ ಆಗಿತ್ತು.

ಮಾರನೆಯ ಬೆಳಿಗ್ಗೆ ಗಂಜಿ ಮತ್ತೆ ಅವನ ಕನ್ನಡಕಕ್ಕೇ ಸಿಡಿಯಿತು.

ಈಗ ಅವನಿಗೆ ನಿಜವಾಗಿ ಭಯವಾಯಿತು. ಮುದುಕಿ ಅತ್ತೆಯನ್ನು ಬಿಟ್ಟರೆ ಮನೆಯಲ್ಲಿ ಉಳಿದವಳು ಎರ್ನಾ. ಪಂಜರ ಹೊರಗೆ ಹೋಗಲೆಂದು ಕಾದು ಕೂತವಳು ಅವಳೇ ಅಲ್ಲವೇ? ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದವಳನ್ನು ಬೆನ್ನ ಹಿಂದಿನಿಂದ ನೋಡುತ್ತ ನಿಂತ. ಕೈಯಲ್ಲಿದ್ದ ಗಂಜಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಸಪ್ಪೆ. ಚಮಚವನ್ನು ನೆಕ್ಕಿದ.

ಬಾಯಿಯೆಲ್ಲ ವಿಷವಾಯಿತು. ಉಗುಳಿದರೂ ಹೋಗದ, ಕಿವಿಯವರೆಗೆ ಏರುವ ಕಹಿ. ಆ ಸೀಮೆಯಲ್ಲಿ ಹುಟ್ಟಿದವನಿಗೆ ಅದರ ಹೆಸರು ಹೇಳಿಕೊಡಬೇಕಾಗಿಲ್ಲ. ಬ್ರೊತೊವಾಲಿ. ಅಮೃತಬಳ್ಳಿಯ ದಾಯಾದಿ, ಹಿತ್ತಿಲ ಬೇಲಿಗೆ ಹಬ್ಬಿರುವ ಗಂಟುಗಂಟಿನ ಬಳ್ಳಿ.

ಹಿತ್ತಿಲಿಗೆ ನುಗ್ಗಿದ. ಅತ್ತೆ ಪೊನಿಯೆಮ್ ಒರಳುಕಲ್ಲಿನ ಮುಂದೆ ಕೂತು ಆ ಬಳ್ಳಿಯ ತುಂಡನ್ನೇ ಅರೆಯುತ್ತಿದ್ದಳು.

"ಮಾಕ್, ಅಮ್ಮಾ! ಅದು ಯಾರಿಗೆ?"

"ನಿನ್ ಗಿಳಿಗೆ ಕಣಪ್ಪ." ಮುದುಕಿ ತಲೆ ಕೂಡ ಎತ್ತಲಿಲ್ಲ. "ತುದೀಗೆ ಒಂಚೂರು ಸವರಿ ಒಣಗ್ಸಿ ಇಡ್ತಿದ್ದೀನಿ. ನೀನು ನೋಡೋದೇ ಇಲ್ಲ, ಹಾಗೇ ಗಂಜಿಗೆ ಅದ್ದುತೀಯ."

"ಯಾಕೆ ಮಾಕ್?"

"ನೀನೇ ಅಂದೆಯಲ್ಲ, ಸಪೀಹ್ ಮಾಡ್ಬೇಕು ಅಂತ! ಗಂಡಸರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ ಅಂತ ನಾನೇ ಮಾಡ್ದೆ. ಎರ್ನಾಗೂ ಹೀಗೇ ಬಿಡ್ಸಿದ್ದು. ಬಗ್ಯೊ ಅಂತೂ ಬಲೇ ಹಟಮಾರಿ, ಎರಡೂ ಕಡೆ ಸವರಿದ್ರೂ ಮುಖ ಸಿಂಡರಿಸ್ಕೊಂಡು ಕುಡೀತಿದ್ದ."

ಕೂಸಿಗೆ ಮೊಲೆ ಬಿಡಿಸುವುದಕ್ಕೂ ಮರಿಗೆ ಗಂಜಿ ಬಿಡಿಸುವುದಕ್ಕೂ ಅಲ್ಲಿ ಇರುವುದು ಒಂದೇ ಮಾತು, ಸಪೀಹ್. ಅತ್ತೆಗೆ ಗೊತ್ತಿದ್ದ ದಾರಿಯೂ ಒಂದೇ.

"ಗಿಳಿಗೆ ಮೊಲೆ ಎಲ್ಲಿದೆ ಮಾಕ್!"

"ಚಮಚ ಇದೆಯಲ್ಲ."

ಜುಮಾದಿ ಹೊಸ ಚಮಚ ತಂದ. ಕೈಯನ್ನು ಸೋಪು ಹಾಕಿ ಉಜ್ಜಿದ. ಬೆಚ್ಚಗಿನ ಗಂಜಿ ಕಲಸಿ ತುಟಿಯಿಂದ ಪುಚಪುಚ ಕರೆದ. ಮರಿ ಹಸಿವಿನಿಂದ ನಡುಗುತ್ತಿತ್ತು. ಆದರೂ ಚಮಚ ಕಂಡದ್ದೇ ಪಂಜರದ ಮೂಲೆಗೆ ಸರಿದು, ಪುಕ್ಕ ಬಿಗಿಹಿಡಿದು, ಒಂದೇ ಕಣ್ಣಿನಿಂದ ಅವನನ್ನು ಅಳೆಯಿತು. ಬರಿಯ ಬೆರಳು ಚಾಚಿದ. ರಕ್ತ ಬರುವಂತೆ ಕಚ್ಚಿತು.

ಬಾಗಿಲಲ್ಲಿ ನಿಂತಿದ್ದ ಎರ್ನಾ ಹೇಳಿದಳು: "ಸಾಯೋಕೆ ಮುಂಚೆ ಬಗ್ಯೊ ಹತ್ರ ತಗೊಂಡ್ಹೋಗಿ. ಕಾಲಿಗೆ ಬೀಳ್ತೀರೋ ಬಿಡ್ತೀರೋ ನಿಮ್ಮಿಷ್ಟ."

ಗಿರಣಿಯ ಅಂಗಳದಲ್ಲಿ ಭತ್ತ ಒಣಗಹಾಕಿದ್ದರು. ಪಂಜರ ಹಿಡಿದು ಬಂದ ಭಾವನನ್ನು ಕಂಡು ಬಗ್ಯೊ ಕೈಲಿದ್ದ ಗೋರುಮಣೆಯನ್ನು ಗೋಡೆಗೊರಗಿಸಿದ. ಏನನ್ನೂ ಕೇಳದೆ ಪಂಜರ ಇಸಿದುಕೊಂಡು ಕೋಣೆಗೆ ಹೋದ. ಗಂಜಿ ಕಲಸಿ ಸಿರಿಂಜು ಮುಂದೆ ಮಾಡಿದ್ದೇ ಮರಿ ಎರಗಿಬಂತು. ಗಂಟಲ ಚೀಲ ತುಂಬಿದ ಮೇಲೆ ಅವನ ತೋಳು ಹತ್ತಿ ಕಿವಿಯ ಹತ್ತಿರ ಕೂತು ಕಣ್ಣು ಮುಚ್ಚಿತು.

"ನಿಮ್ಮಮ್ಮ" ಎಂದ ಜುಮಾದಿ. "ಚಮಚಕ್ಕೆ ಬ್ರೊತೊವಾಲಿ ಸವರ್ತಿದ್ರು."

ಬಗ್ಯೊ ಗೊಳ್ಳೆಂದು ನಕ್ಕ. ಜುಮಾದಿ ಆ ನಗುವನ್ನು ಗಮನವಿಟ್ಟು ನೋಡಿದ. ಮೊದಲ ಸಲ ಕೇಳಿದವನು ಇಷ್ಟು ಬೇಗ ನಗುತ್ತಾನೆಯೇ? ಒಂದು ಗಳಿಗೆಯಾದರೂ 'ಏನು' ಎನ್ನಬೇಡವೇ? ಹಿತ್ತಿಲಲ್ಲಿ ತಾಯಿ ಅರೆಯುವುದನ್ನು ಇವನು ಕಂಡೇ ಇರಲಿಲ್ಲವೇ? ಕೇಳಬೇಕೆನಿಸಿತು. ಆದರೆ ಮರಿ ಇದ್ದದ್ದು ಅವನ ಹೆಗಲ ಮೇಲೆ.

"ನಿನ್ನ ಕಳ್ಳ ಅಂದಿದ್ದು ತಪ್ಪಾಯ್ತು" ಎಂದ.

"ಹೂಂ" ಎಂದ ಬಗ್ಯೊ. "ಕಾಳು ತಿನ್ನೋದು ಕಲಿಯೋವರ್ಗೂ ಇದು ಇಲ್ಲೇ ಇರ್ಲಿ."

"ಆಮೇಲೆ?"

"ಆಮೇಲೆ ಮೈದಾನಕ್ಕೆ ತರ್ತೀನಿ. ನೀವೂ ಶಿಳ್ಳೆ ಹಾಕಿ, ನಾನೂ ಹಾಕ್ತೀನಿ. ಯಾರ್ ಕೈಗೆ ಬರುತ್ತೋ ಅವರದ್ದು."

ಜುಮಾದಿ ತನ್ನ ಗಾಯದ ಬೆರಳನ್ನು ಹೆಗಲ ಹತ್ತಿರ ಮೆಲ್ಲಗೆ ಒಯ್ದ. ಮರಿ ಕಣ್ಣು ತೆರೆದು, ಬಗ್ಯೊನ ಕತ್ತಿನ ಹಿಂದಕ್ಕೆ ಸರಿಯಿತು. ಜುಮಾದಿ ಕೈ ಇಳಿಸಿದ. ಬೇರೆ ದಾರಿಯಿರಲಿಲ್ಲ, ಒಪ್ಪಿಕೊಂಡ.