ಹೆಪ್ಪಿನ ಪಾತ್ರೆಗೆ ಅಂಟಿಸಿದ ಹೆಸರು

ಡೇರಿಯ ಎರಡನೇ ಮಹಡಿಯಲ್ಲಿ ಕೂರುತ್ತಿದ್ದ ಆ ಅನುವಾದಕಿಗೆ ಎಲ್ಲರೂ ಇಟ್ಟ ಹೆಸರು 'ಏಳು ನಾಲಿಗೆ'. ಏಳು ಎಂಬುದು ಹೊಟ್ಟೆಕಿಚ್ಚಿನವರು ಇಳಿಸಿ ಹೇಳಿದ ಲೆಕ್ಕ. ಅವಳು ಒಂದು ಸಲ ಕೆಮ್ಮಿದರೆ ಹನ್ನೊಂದು ಭಾಷೆಯವರು ನೀರು ಹಿಡಿದು ಓಡಿಬರುತ್ತಿದ್ದರು. ಲೋಕದಲ್ಲಿ ಎಲ್ಲೆಲ್ಲಿ ಹಾಲು ಹುಳಿಯಾಗಿದೆಯೋ ಅಲ್ಲೆಲ್ಲ ಅದಕ್ಕೊಂದು ಹೆಸರಿದೆ: ಕುದುರೆ ಹಾಲಿನದು, ಒಂಟೆ ಹಾಲಿನದು, ನೊರೆ ಉಕ್ಕುವಂಥದ್ದು, ಕುಡಿದವನನ್ನು ಮಧ್ಯಾಹ್ನವಿಡೀ ಗೊರಕೆ ಹೊಡೆಸುವಂಥದ್ದು. ಆ ಹೆಸರುಗಳನ್ನೆಲ್ಲ ಬಾಟಲಿಯ ಚೀಟಿಯ ಎರಡು ಬೆರಳಗಲದಲ್ಲಿ ಕಚೇರಿಯ ಭಾಷೆಗೆ ಕೂರಿಸುವುದು ಅವಳ ಕೆಲಸ. ತಲೆಯ ಮೇಲೆ ಕೈಯಿಟ್ಟು ಒತ್ತಿ ಕೂರಿಸುತ್ತಿದ್ದಳು. ಅವಳ ಕೈಯಲ್ಲಿ ಕೂರದ ಹೆಸರು ಭೂಮಿಯ ಮೇಲೆ ಹುಟ್ಟಿರಲಿಲ್ಲ.

ಹುಟ್ಟಿತ್ತು, ಅವಳ ಅಡುಗೆಮನೆಯಲ್ಲೇ.

ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಒಂದು ಲೋಟ ಹೆಪ್ಪು ತಂದಿದ್ದಳು. ದಿನಾ ಅದಕ್ಕೆ ಹಾಲೆರೆದು, ಕಡೆದು ಕುಡಿದು, ಚೂರು ನಾಳೆಗೆ ಎತ್ತಿಟ್ಟು ಬದುಕಿಸಿಕೊಂಡು ಬಂದಿದ್ದಳು. ಗಂಡ ಹೋದ, ಊರು ಹೋಯಿತು, ಅವಳ ಭಾಷೆ ಆಡುವವರು ಒಬ್ಬೊಬ್ಬರಾಗಿ ಹೋದರು. ಹೆಪ್ಪು ಮಾತ್ರ ಉಳಿಯಿತು. ಮನೆಗೆ ಬೆಂಕಿ ಬಿದ್ದರೆ ಮೊದಲು ಹೆಪ್ಪು, ಆಮೇಲೆ ಮಗ ಎನ್ನುವಂಥ ಹೆಂಗಸು. ಆ ಮಗನೋ ಟ್ಯಾಂಕರ್ ಓಡಿಸುತ್ತ ವಾರಗಟ್ಟಲೆ ಹೊರಗಿರುವವನು. ತಾಯಿಯ ಭಾಷೆಯಲ್ಲಿ ಅವನಿಗೆ ಉಳಿದದ್ದು ಬೈಗುಳವಷ್ಟೇ. ಸೊಸೆಯೇ ಒಲೆ ಮುಂದೆ ನಿಂತು ಆ ಭಾಷೆ ಕಲಿತಳು, ಆ ಪಾನೀಯದ ಹೆಸರೊಂದನ್ನು ಬಿಟ್ಟು. ಮೂರೇ ಅಕ್ಷರ, ಆದರೆ ನಡುವಿನದು ಗಂಟಲಿನ ತಳದಿಂದ ಏಳಬೇಕು. ಅಷ್ಟು ಕಷ್ಟ ಯಾರಿಗೆ ಬೇಕು? "ಅತ್ತೆ, ನಿಮ್ಮ ಹುಳಿಹಾಲು" ಎಂದು ಕಚೇರಿಯ ಮಾತಿನಲ್ಲೇ ಮುಗಿಸುತ್ತಿದ್ದಳು.

ಅತ್ತೆಯ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಹೊರಡಬೇಕಾದ ಬೆಳಿಗ್ಗೆ, ಮುದುಕಿ ಹೆಪ್ಪಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕುರ್ಚಿ ಹಿಡಿದು ಕೂತುಬಿಟ್ಟಳು.

"ಇದಕ್ಕೆ ದಿನಾ ಹಾಲು ಹಾಕೋರು ಯಾರು? ನೀನಾ? ಕಿಟಕೀಲಿರೋ ಗಿಡಕ್ಕೇ ನೀರು ಹಾಕೋಕೆ ಮರೀತೀಯ."

"ಡೇರೀಲಿ ಇಡ್ತೀನಿ ಅತ್ತೆ. ಅಲ್ಲಿ ಶೀತಕೋಣೆ ಇದೆ, ನೋಡ್ಕೊಳ್ಳೋಕೆ ಮನುಷ್ಯ ಇದಾನೆ."

"ಹೆಸರು ಬರೆದಿಡು ಮತ್ತೆ."

"ಹುಳಿಹಾಲು ಅಂತ ಬರೀತೀನಿ."

"ಹುಳಿಹಾಲು ನಿಮ್ಮ ಬಾಟಲೀಲಿರೋದು. ಇದನ್ನ ಹಾಗೆ ಕರೆದ್ರೆ ಮುನಿಸ್ಕೊಂಡು ಕೆಟ್ಟೇ ಹೋಗುತ್ತೆ."

"ಹಾಗಾದ್ರೆ ನೊರೆಹಾಲು?"

"ಬಟ್ಟೆ ಒಗೆಯೋಕಾ?"

"ಅಜ್ಜಿಹಾಲು?"

"ನಿಮ್ಮಜ್ಜಿ ಹಾಲು ಕರೀತಿದ್ಲಾ?" ಅತ್ತೆ ನಕ್ಕಳು, ನಗು ಕೆಮ್ಮಾಗಿ ಮುಖವೆಲ್ಲ ನೀಲಿಗಟ್ಟಿತು. ಉಸಿರು ಮರಳಿದ ಮೇಲೆ ಮೆಲ್ಲಗೆ ಅಂದಳು, "ಅದಕ್ಕೆ ಹೆಸರು ಇದೆಯಲ್ಲೇ. ಅದನ್ನೇ ಬರಿ."

ಶೀತಕೋಣೆಯ ಮೇಸ್ತ್ರಿಯನ್ನು ಕರೆಯುತ್ತಿದ್ದದ್ದು ಸ್ವೆಟರಣ್ಣ ಎಂದು. ಬಿರುಬೇಸಿಗೆಯಲ್ಲೂ ಮೈಮೇಲೆ ಎರಡು ಸ್ವೆಟರ್. ಅವನು ಊಟಕ್ಕೆ ಹೊರಗೆ ಬಂದರೆ ಅಕ್ಕಪಕ್ಕದವರಿಗೆ ನೆಗಡಿಯಾಗುತ್ತಿತ್ತು.

"ಚೀಟಿ ಇಲ್ದೆ ಒಳಗೆ ಇಡೋ ಹಾಗಿಲ್ಲ ತಾಯಿ," ಎಂದ. "ಅದೂ ನನಗೆ ಅರ್ಥ ಆಗೋ ಹಾಗೆ ಬರೀರಿ."

ಗೇಟಿನಲ್ಲಿ ಟ್ಯಾಕ್ಸಿ, ಟ್ಯಾಕ್ಸಿಯಲ್ಲಿ ಅತ್ತೆ. ಆ ಮೂರಕ್ಷರವನ್ನು ಇದ್ದ ಹಾಗೆಯೇ ಇಳಿಸಬಹುದಿತ್ತು. ಆದರೆ ಹೆಸರನ್ನು ಅನುವಾದಿಸದೆ ಬಿಡುವುದು ಅವಳ ಪ್ರಕಾರ ಸೋತವರ ಕೆಲಸ. ಕೈಕೆಳಗಿನವರು ಅಂಥ ಚೀಟಿ ತಂದರೆ ಅವರ ಕಣ್ಣೆದುರೇ ಹರಿದು ಹಾಕುತ್ತಿದ್ದಳು. 'ಹುಳಿಹಾಲು' ಎಂದು ದುಂಡಗೆ ಬರೆದು, ಪಾತ್ರೆಗೆ ಅಂಟಿಸಿ ಓಡಿದಳು.

ಆ ಕೋಣೆಯ ಗೋಡೆಯಲ್ಲಿ ಒಂದು ಫಲಕವಿತ್ತು: ಒಂದೇ ಹೆಸರಿನ ಪಾತ್ರೆಗಳು ಎರಡಿದ್ದಲ್ಲಿ ಚಿಕ್ಕದನ್ನು ದೊಡ್ಡದಕ್ಕೆ ಸುರಿದು ತೊಳೆದಿಡತಕ್ಕದ್ದು. ಯಂತ್ರ ಕೊಟ್ಟ ಪರದೇಶದವರ ಭಾಷೆಯಿಂದ ಅದನ್ನು ತಂದವಳು ಅವಳೇ. ಆ 'ತಕ್ಕದ್ದು' ಎಂಬ ಗತ್ತೂ ಅವಳದೇ.

ಆಸ್ಪತ್ರೆಯಲ್ಲಿ ಅತ್ತೆ ದಿನದಿಂದ ದಿನಕ್ಕೆ ಸಣ್ಣಗಾದಳು. ಕೊನೆಗೆ ಹಾಸಿಗೆಯಲ್ಲಿ ಅವಳಿಗಿಂತ ಹೊದಿಕೆಯ ಮಡಿಕೆಗಳೇ ಹೆಚ್ಚು ಕಾಣುತ್ತಿದ್ದವು. ಒಂದು ಬೆಳಿಗ್ಗೆ ಡಾಕ್ಟರು ಸೊಸೆಯನ್ನು ಹೊರಗೆ ಕರೆದು, "ಇನ್ನು ಏನು ಕೇಳಿದ್ರೂ ಕೊಡಿ," ಎಂದರು. ಅತ್ತೆ ಕೇಳಿದ್ದು ಒಂದೇ.

"ಬಾಯೆಲ್ಲ ಔಷಧಿ ಕಣೇ. ನಮ್ಮದು ಒಂದು ಗುಟುಕು ತಂದ್ಕೊಡು."

ಶೀತಕೋಣೆಯ ಹಲಗೆಯ ಮೇಲೆ ಪಾತ್ರೆ ತೊಳೆದು ಬೋರಲು ಹಾಕಿತ್ತು.

"ಅದಾ? ದೊಡ್ಡ ಹಂಡೆಗೆ ಸುರಿದೆನಲ್ಲ," ಎಂದ ಸ್ವೆಟರಣ್ಣ. "ಘಮ ಬೇರೆ ಥರ ಇತ್ತು. ಕೈ ಒಂದು ಗಳಿಗೆ ತಡೀತು ತಾಯಿ. ಆಮೇಲೆ ಚೀಟಿ ನೋಡ್ದೆ, ನಿಮ್ಮ ಅಕ್ಷರ. ನಿಮಗಿಂತ ನನಗೆ ಗೊತ್ತಾ ಅಂತ ಸುರಿದೆ."

ಅವನನ್ನು ಬೈಯಲು ಅವಳ ಯಾವ ನಾಲಿಗೆಯೂ ಏಳಲಿಲ್ಲ. ಆ ಹಂಡೆಯೋ, ಆನೆ ಇಳಿದರೂ ಕಿವಿಯ ತುದಿ ಕಾಣದಷ್ಟು ಆಳ. ಅದರಲ್ಲೆಲ್ಲೋ ಅತ್ತೆಯದೂ ಒಂದು ಹನಿ ಇದ್ದೀತೆಂದು ಫ್ಲಾಸ್ಕ್ ತುಂಬಿಸಿಕೊಂಡು ಹೊರಟಳು.

ಅತ್ತೆ ಒಂದು ಗುಟುಕು ಹೀರಿದಳು. ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. ಕಷ್ಟಪಟ್ಟು ನುಂಗಿದಳು.

"ಇದು ನಿಮ್ಮ ಭಾಷೇಲಿದೆ," ಎಂದಳು.

ಸೊಸೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು.

"ನಮ್ಮದು ಹೋಯ್ತಾ?"

"ಹೂಂ."

ಈ ಅತ್ತೆಯ ಬೈಗುಳಕ್ಕೆ ಹಿಂದೊಮ್ಮೆ ಮೂರನೇ ಮನೆಯ ನಾಯಿ ಊರು ಬಿಟ್ಟಿತ್ತು. ಸೊಸೆ ತಲೆ ತಗ್ಗಿಸಿ ಅದಕ್ಕೇ ಕಾದಳು. ಬೈಗುಳ ಬರಲಿಲ್ಲ. ಮುದುಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು, ಕಣ್ಣಿನ ನೀರು ಕಿವಿಗೆ ಇಳಿಯಿತು. ಅದನ್ನು ಒರೆಸಲು ಸೊಸೆಗೆ ಧೈರ್ಯ ಬರಲಿಲ್ಲ.

"ಹೆಸರಾದ್ರೂ ಹೇಳು. ನಿನ್ನ ಬಾಯಲ್ಲಿ ಒಂದು ಸಲಾನೂ ಕೇಳಿಲ್ಲ ನಾನು."

ಸೊಸೆ ಹೇಳಿದಳು.

"ಮೂಗಿಂದ ಅಲ್ಲ. ಗಂಟಲಿಂದ."

ಮತ್ತೆ ಹೇಳಿದಳು. ಅತ್ತೆ ತನ್ನ ಕಂಠದ ಗುಳಿಗೆ ಬೆರಳಿಟ್ಟು ತೋರಿಸಿದಳು: ಇಲ್ಲಿಂದ. ಸೊಸೆ ಮತ್ತೆ ಹೇಳಿದಳು. ಬೆರಳು ನಿಧಾನವಾಗಿ ಜಾರಿ ಹೊದಿಕೆಯ ಮೇಲೆ ಬಿತ್ತು, ಮುದುಕಿಗೆ ಮಂಪರು. ಸೊಸೆ ನಿಲ್ಲಿಸಲಿಲ್ಲ. ಹೇಳುತ್ತ ಹೇಳುತ್ತ ಒಮ್ಮೆ ಆ ನಡುವಿನ ಅಕ್ಷರ ತಳದಿಂದ ಎದ್ದು ಬಂದ ಹಾಗಾಯಿತು. ಸರಿಯಾಯಿತೇ ಎಂದು ಅತ್ತೆಯ ಮುಖ ನೋಡಿದಳು. ಅತ್ತೆ ಆಮೇಲೆ ಕಣ್ಣು ತೆರೆಯಲಿಲ್ಲ.

ಕೆಲಸಕ್ಕೆ ಮರಳಿದ ದಿನ ಮಹಡಿ ಹತ್ತುವ ಮೊದಲು ಅವಳು ಶೀತಕೋಣೆಗೆ ಹೋದಳು. ಬೋರಲು ಬಿದ್ದಿದ್ದ ಪಾತ್ರೆಯನ್ನು ನೆಟ್ಟಗಿಟ್ಟು, ಮುಚ್ಚಳ ಮುಚ್ಚಿ, ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಹೊಸದನ್ನು ಅಂಟಿಸಿದಳು. ಅದರಲ್ಲಿ ಮೂರೇ ಅಕ್ಷರ.

ಸ್ವೆಟರಣ್ಣ ಕೂಡಿಸಿ ಕೂಡಿಸಿ ಓದಿದ. "ಹಾಗಂದ್ರೇನು ತಾಯಿ?"

"ಅದೇ."

ಅವನು ಮುಚ್ಚಳ ಎತ್ತಿ ಇಣುಕಿದ. "ಖಾಲಿ ಇದೆ. ಬೇರೆ ಏನಕ್ಕಾದ್ರೂ ತಗೊಳ್ಲಾ?"

"ಈ ಹೆಸರಿನ ಪಾತ್ರೆ ಇನ್ನೊಂದು ಇದೆಯಾ ಇಲ್ಲಿ?"

ಅವನು ಸಾಲುಸಾಲು ಹಂಡೆಗಳ ನಡುವೆ, ಹುಡುಕುವಂತೆ, ಒಂದು ಸುತ್ತು ಹಾಕಿ ಬಂದ. "ಇಲ್ಲ ತಾಯಿ."

"ಹಾಗಾದ್ರೆ ಇರಲಿ ಬಿಡಿ," ಎಂದಳು. ಅವನು ಮುಚ್ಚಳ ಮುಚ್ಚಿದ.