ಗೇಟಿನೊಳಗಿನ ಪಾಳಿ

ಮಂಜುಳಾ ತನ್ನೂರು ಮೊರಬದಿಂದ ಬಸ್ಸು ಹಿಡಿದು, ಹೊಲಗಳ ನಡುವಿನ ವಿದ್ಯುತ್ ಉಪಕೇಂದ್ರಕ್ಕೆ ಕೆಲಸಕ್ಕೆ ಬರುತ್ತಿದ್ದಳು. ಪಾಳಿಯುದ್ದಕ್ಕೂ ಒಬ್ಬಳೇ. ಕರೆಂಟು ಹೋದರೆ ಸುತ್ತಲಿನ ಹಳ್ಳಿಗಳ ಬೈಗುಳವೆಲ್ಲ ಆ ಕೋಣೆಯ ಫೋನಿಗೇ ಬರುತ್ತಿತ್ತು. ಬಿಟ್ಟು ಹೊರಗೆ ಹೋಗುವಂತಿಲ್ಲ, ಎತ್ತದೆ ಇರುವಂತಿಲ್ಲ. ವರ್ಗಾವಣೆ ಕೇಳಿದರೆ ಸಾಹೇಬರು, "ನಿನ್ನ ಜಾಗಾಕ್ಕ ಯಾರ್ ಬರ್ತಾರವಾ?" ಎಂದಿದ್ದರು. ಇತ್ತೀಚೆಗೆ ಫೋನು ರಿಂಗಾದರೆ ಸಾಕು, ಅವಳು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದಳು.

ಇದನ್ನು ಗಮನಿಸಿದವಳು ಮುಂದಿನ ಪಾಳಿಯ ನಸೀಮಾಬಿ. ಒಂದು ದಿನ ಬೇಗ ಬಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಫೋನ್ ಬಂದ್ರ ಏನ್ ಹೇಳ್ತೀ?"

"ಗೊತ್ತಿಲ್ರಿ ಅಂತೀನ್ರಿ."

"ಹಂಗಂದ್ರ ಯಾರಿಗಾದ್ರೂ ಸಿಟ್ಟು ಬರತೈತಿ. ನಿನಗೂ ಜೀವ ಹಾರತೈತಿ. ಬಾ ಇಲ್ಲೆ."

ಅಂದಿನಿಂದ ನಸೀಮಾಬಿ ದಿನವೂ ಸ್ವಲ್ಪ ಮೊದಲೇ ಬಂದು ಕಲಿಸತೊಡಗಿದಳು. ಯಾವ ದೀಪ ಹತ್ತಿದರೆ ಯಾವ ಲೈನಿನಲ್ಲಿ ತೊಂದರೆ, ಲೈನ್‌ಮನ್‌ನನ್ನು ಏನು ಕೇಳಬೇಕು, ಜನರಿಗೆ ಎಷ್ಟು ಹೇಳಬೇಕು. ಮಂಜುಳಾ ತಪ್ಪುತ್ತಿದ್ದಳು, ನಸೀಮಾಬಿ ಮತ್ತೆ ಕೇಳುತ್ತಿದ್ದಳು.

ಗೋವಿನಜೋಳ ತೆನೆ ಕಟ್ಟುವ ಹೊತ್ತಿನಲ್ಲಿ, ಒಂದು ಮಧ್ಯಾಹ್ನ ಪಂಪ್‌ಸೆಟ್ಟಿನ ಲೈನು ಹೋಯಿತು. ರೈತರು ಟ್ರ್ಯಾಕ್ಟರಿನಲ್ಲಿ ಬಂದವರೇ ಗೇಟಿಗೆ ಹೊರಗಿನಿಂದ ಬೀಗ ಜಡಿದರು.

"ಕರೆಂಟ್ ಕೊಡೂತನಕ ಒಳಗ ಇರು!" ಮುಂದೆ ನಿಂತಿದ್ದ ಮುದಕಪ್ಪ ಕೂಗಿದ.

ಕೋಣೆಯ ಚಿಲಕ ಹಾಕಿಕೊಂಡು ಕೂರಬೇಕೆನಿಸಿತು ಮಂಜುಳಾಗೆ. ಕೈ ಚಿಲಕದ ಮೇಲೇ ಇತ್ತು. ಆದರೆ ಈ ಸಲ ದೀಪ ನೋಡಿ, ಲೈನ್‌ಮನ್‌ನನ್ನು ಕೇಳಿ, ಲೈನು ಯಾಕೆ ಹೋಗಿದೆಯೆಂದು ಅವಳು ತಿಳಿದುಕೊಂಡಿದ್ದಳು. ಗೇಟಿನ ತನಕ ನಡೆದಳು.

"ಕಾಕಾ, ಹಳ್ಳದ ಬಾಜು ಕಂಬದಾಗ ತಂತಿ ಹಿಡದಿರೂ ಪಿಂಗಾಣಿ ಒಡದೈತ್ರಿ. ಲೈನ್‌ಮನ್ ರಾಮಪ್ಪ ಕಂಬದ ಮ್ಯಾಲೆ ಅದಾನ. ಈಗ ಕರೆಂಟ್ ಬಿಟ್ರ ಅವ ಅಲ್ಲೇ ಸುಟ್ಟು ಹೋಗ್ತಾನ. ಇಳದು ಫೋನ್ ಮಾಡಿದ ಕೂಡ್ಲೆ ಬಿಡ್ತೀನ್ರಿ."

"ಸುಳ್ಳು!" ಹಿಂದಿನಿಂದ ಯಾರೋ ಅಂದರು.

"ಒಬ್ರು ಹೋಗಿ ನೋಡ್ಕೊಂಡ್ ಬರ್ರಿ."

ಬೈಕೊಂದು ಹಳ್ಳದ ಕಡೆ ಹೋಯಿತು. ಉಳಿದವರು ಬೇವಿನ ನೆರಳಿಗೆ ಕೂತರು. ಹೋದವನು ಮರಳಿ ಬಂದು ಮಾತು ನಿಜವೆಂದ. ಬೀಗ ಮಾತ್ರ ಯಾರೂ ತೆಗೆಯಲಿಲ್ಲ.

ಕೊನೆಗೆ ರಾಮಪ್ಪನ ಫೋನು ಬಂತು. ಮಂಜುಳಾ ಲೈನಿಗೆ ಕರೆಂಟು ಬಿಟ್ಟಳು. ಜನ ಹೋ ಎನ್ನುತ್ತ ಹೊಲಗಳಿಗೆ ಓಡಿದರು; ಕೀಲಿ ಮುದಕಪ್ಪನ ಕಿಸೆಯಲ್ಲೇ ಹೋಯಿತು.

ನಸೀಮಾಬಿ ಬಂದಾಗಲೂ ಗೇಟು ಬಂದ್. ಸರಳುಗಳ ಆಚೆ ನಿಂತು ಕೇಳಿದಳು: "ಅಂಜಿದ್ದೇನಬೇ?"

"ಅಗದಿ ಅಂಜಿದ್ದೆರಿ. ಆದ್ರ ಏನ್ ಹೇಳಬೇಕಂತ ಗೊತ್ತಿತ್ತು."

ಹೊತ್ತು ಮುಳುಗುವಾಗ ಮುದಕಪ್ಪ ಕೆಸರುಗಾಲಲ್ಲಿ ಬಂದು ಬೀಗ ತೆಗೆದ. ಮುಖ ಎತ್ತದೆ ಕೇಳಿದ:

"ಯವ್ವಾ, ಹಿಂಗಂತ ಮೊದಲೆಲ್ಲಾ ಯಾಕ ಹೇಳ್ತಿರಲಿಲ್ಲ?"

"ಮೊದಲ ನನಗ ಗೊತ್ತಿರಲಿಲ್ರಿ ಕಾಕಾ."

ಕೊನೆಯ ಬಸ್ಸು ಹೋಗಿಯಾಗಿತ್ತು. ನಸೀಮಾಬಿಗೆ ಪಾಳಿ ಒಪ್ಪಿಸಿ ಹೊರಟವಳನ್ನು ಮುದಕಪ್ಪನೇ ತನ್ನ ಬೈಕಿನಲ್ಲಿ ಮೊರಬದವರೆಗೆ ಬಿಟ್ಟ. ದಾರಿಯಲ್ಲಿ ನಾಳೆ ಮತ್ತೆ ಅದೇ ಕೋಣೆ ಎಂಬ ಯೋಚನೆ ಬಂತು ಮಂಜುಳಾಗೆ. ನಸೀಮಾಬಿಯಿಂದ ಇನ್ನೇನು ಕೇಳಿ ಕಲಿಯಬೇಕು ಎಂಬುದೂ.