ಕುರ್ಚಿ ಸಾಲದ್ದಕ್ಕೆ ನಿಂತವನು

ಆ ವಿಧಾನಸಭಾ ಕ್ಷೇತ್ರದಲ್ಲಿ ಒಂದು ಮನೆಯ ಹೊಗೆ ಇನ್ನೊಂದು ಮನೆಗೆ ಕಾಣುತ್ತಿರಲಿಲ್ಲ. ನೆಲ ಬೇಕಾದಷ್ಟಿತ್ತು, ಜನ ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು. ಎಲ್ಲರಿಗೂ ಸೇರಿ ಕ್ಷೌರದ ಅಂಗಡಿ ಒಂದೇ. ಅದರ ಯಜಮಾನ ಮಹಾ ಮಾತುಗಾರ, ಆದರೆ ಹಿಂದಲೆ ಕಾಣುತ್ತಿದ್ದರೆ ಮಾತ್ರ. ಗಿರಾಕಿ ಎದ್ದು ಅವನತ್ತ ಮುಖ ತಿರುಗಿಸಿದರೆ ಸಾಕು, ಅವನ ನಾಲಿಗೆ ಒಣಗಿಹೋಗುತ್ತಿತ್ತು. ಅದಕ್ಕೇ ಕನ್ನಡಿಯನ್ನು ಪಕ್ಕದ ಗೋಡೆಗೆ ಹಾಕಿಸಿದ್ದ. ಗಿರಾಕಿಗಳಿಗೆ ತಮ್ಮ ಒಂದು ಕಿವಿ ಕಂಡರೆ ಹೆಚ್ಚು. ಹೆಂಡತಿಗೆ ಏನಾದರೂ ಮುಖ್ಯವಾದದ್ದು ಹೇಳಬೇಕಿದ್ದರೂ ಅವಳು ಒಲೆಯ ಕಡೆ ತಿರುಗುವ ತನಕ ಕಾಯುತ್ತಿದ್ದ.

ಈ ಸಲ ಚುನಾವಣೆಗೆ ಯಾರೂ ನಿಲ್ಲದಿದ್ದರೆ ಕ್ಷೇತ್ರವನ್ನು ಪಕ್ಕದ ದೊಡ್ಡ ಕ್ಷೇತ್ರಕ್ಕೆ ಸೇರಿಸಿಬಿಡುತ್ತಾರೆಂದು ಸುದ್ದಿ ಬಂತು. ಎಲ್ಲರೂ ಶಾಲೆಯಲ್ಲಿ ಸಭೆ ಸೇರಿದರು. ಮೇಷ್ಟ್ರು ಎದ್ದು, ಹೆಸರು ಬರೆಯಲು ಕಪ್ಪುಹಲಗೆಯ ಕಡೆ ತಿರುಗಿ, ಯಾರು ನಿಲ್ಲುತ್ತೀರಿ ಎಂದು ಕೇಳಿದರು. ಕ್ಷೌರಿಕ ಆಗಷ್ಟೇ ಹಿಂಬಾಗಿಲಿಂದ ಒಳಗೆ ಬಂದಿದ್ದ. ನೋಡಿದರೆ ಕುರ್ಚಿಗಳೆಲ್ಲ ತುಂಬಿವೆ. ಕಾಣುವುದೆಲ್ಲ ಹಿಂದಲೆಗಳೇ ಆದ್ದರಿಂದ ಧೈರ್ಯವಾಗಿ ಹೇಳಿದ:

"ನಾನ್ ನಿಲ್ತೀನಿ ಬಿಡಿ ಮೇಷ್ಟ್ರೇ. ದಿನಾ ನಿಂತೇ ಇರ್ತೀನಲ್ಲ, ಅಭ್ಯಾಸ ಆಗಿದೆ."

ಚಪ್ಪಾಳೆಯೋ ಚಪ್ಪಾಳೆ. ಎಲ್ಲರೂ ತಿರುಗಿ ನೋಡಿದರು. ಅಯ್ಯೋ, ಹಾಗಲ್ಲ ಎನ್ನಲು ಅವನು ಬಾಯಿ ತೆರೆದ. ಅಷ್ಟು ಮುಖಗಳನ್ನು ಕಂಡು ತೆರೆದ ಬಾಯಿ ತೆರೆದೇ ಉಳಿಯಿತು.

ಮನೆಗೆ ಬಂದು ಹೆಂಡತಿಯ ಬೆನ್ನಿಗೆ ಗೋಳು ತೋಡಿಕೊಂಡ. ವಿಧಾನಸಭೆಯಲ್ಲಿ ಎಲ್ಲರೆದುರು ಮಾತಾಡಬೇಕಂತೆ, ಮಾನ ಹೋಗುತ್ತದೆ ಎಂದ. ಅವಳು ಸಾರು ಕದಡುತ್ತಾ, "ಹಾಗಾದ್ರೆ ಇನ್ಯಾರನ್ನಾದ್ರೂ ನಿಲ್ಸಿ," ಎಂದಳು.

ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಮನೆಯ ಕುರ್ಚಿ, ಮಣೆ, ಮಂಚವನ್ನೆಲ್ಲ ಕೊಟ್ಟಿಗೆಗೆ ಸಾಗಿಸಿ ಊರಿನವರನ್ನು ಕಾಫಿಗೆ ಕರೆದ. ಯಾರ ಬಾಯಲ್ಲಾದರೂ 'ನಿಲ್ತೀನಿ' ಎಂಬ ಮಾತು ಬಂದರೆ ಹಿಡಿದುಹಾಕಲು ಮೇಷ್ಟ್ರನ್ನು ಸಾಕ್ಷಿಗೆ ಇರಿಸಿಕೊಂಡ. ಬಂದವರೆಲ್ಲ ಹಾಯಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರು. ಮಂಡಿ ನೋವಿನ ಅತ್ತೆಗೆ ಮಾತ್ರ ನೆಲಕ್ಕೆ ಕೂರಲಾಗುತ್ತಿರಲಿಲ್ಲ. ಅವನು ಆಸೆಯಿಂದ ಅವರನ್ನೇ ನೋಡಿದ. ಅತ್ತೆ ಅತ್ತಿತ್ತ ಕಣ್ಣಾಡಿಸಿದರು.

"ಅಳಿಯಂದ್ರೇ, ನಾನ್ ಮಲಗ್ತೀನಿ," ಎಂದು ಗೋಡೆ ಹಿಡಿದುಕೊಂಡು ಮೆಲ್ಲಗೆ ಚಾಪೆಗೆ ಉರುಳಿ ಗೊರಕೆ ಹೊಡೆದರು.

ಎದುರಾಳಿಯೇ ಇಲ್ಲದೆ ಅವನು ಗೆದ್ದ.

ಮೊದಲ ಭಾಷಣದ ದಿನ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕ್ಷೇತ್ರದಲ್ಲಿ ಜನ ಕಡಿಮೆಯೆಂದು ಕಟ್ಟಕಡೆಯ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ಹೆಸರು ಕೂಗಿದಾಗ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತ. ಕಣ್ಣು ಬಿಟ್ಟು ನೋಡಿದರೆ, ಮುಂದೆ ಸಾಲುಸಾಲಾಗಿ ಹಿಂದಲೆಗಳು. ಬೋಳು, ನರೆತದ್ದು, ಬಣ್ಣ ಹಚ್ಚಿದ್ದು. ಜೀವಕ್ಕೆ ತಂಪಾಯಿತು. ಎದುರಿಗೆ ಎತ್ತರದಲ್ಲಿ ಸಭಾಧ್ಯಕ್ಷರದೊಂದು ಮುಖ ಮಾತ್ರ ಇತ್ತು. ಅದನ್ನು ಕಂಡದ್ದೇ, ಅಭ್ಯಾಸ ಬಲದಿಂದ ಒಂದು ಮಾತು ಹೊರಬಿತ್ತು.

"ಸ್ವಲ್ಪ ತಲೆ ಬಗ್ಗಿಸಿ."

ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಮಂತ್ರಿಗಳು ತಲೆ ಬಗ್ಗಿಸಿದರು. ಅವರನ್ನು ನೋಡಿ ಉಳಿದವರು, ಕಡೆಗೆ ಸಭಾಧ್ಯಕ್ಷರೂ.

ಇನ್ನೇನು ಬೇಕು! ಬಾರದ ಬಸ್ಸು, ಕುಸಿದ ಸೇತುವೆ, ಶಾಲೆಗೆ ಸಾಲದ ಕುರ್ಚಿ ಎಂದು ಅವನ ಮಾತು ಕತ್ತರಿಯ ಹಾಗೆ ಕಚಕಚ ಓಡಿತು. ನಡುವೆ ಸಾರಿಗೆ ಮಂತ್ರಿಗಳು ಅನುಮಾನದಿಂದ ಕತ್ತು ಎತ್ತಹೋದರು.

"ಅಲ್ಲಾಡ್ಬೇಡಿ ಸ್ವಾಮಿ," ಎಂದ ಅವನು, "ಇನ್ನೇನ್ ಮುಗೀತು."